ಕೂಡದ ಹೊಲಿಗೆ

ನಟರಾಜ,

ರಂಜಿನಿಯನ್ನೂ ಮಗುವನ್ನೂ ಕರೆದುಕೊಂಡು ನಂಜನಗೂಡಿನ ಆಸ್ಪತ್ರೆಗೆ ಹೊರಟಿದ್ದೇನೆ. ಹೆರಿಗೆಯಾಗಿ ನಾಲ್ಕು ತಿಂಗಳಾದರೂ ನಿನ್ನ ಹೆಂಡತಿಗೆ ನೆಟ್ಟಗೆ ಕೂರಲು ಆಗುತ್ತಿಲ್ಲ. ಹೇಳಿದರೆ ನೀನು, ‘ಎಲ್ಲಾ ಎಂಗಸ್ರಿಗೂ ಆಯ್ತದೆ ಬುಡವ್ವ’ ಅಂದೆ. ಆಗುವುದು ಬೇರೆ, ಆಗಲಿ ಅಂತ ಬಿಡುವುದು ಬೇರೆ.

ಸೋಮವಾರ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಮಗು ಬರುವ ದಾರಿಗೂ ಮಲದ ದಾರಿಗೂ ನಡುವೆ, ಎರಡೂ ಕಡೆಯ ಕೂರುವ ಮೂಳೆಯಿಂದ ಅಡ್ಡಲಾಗಿ ಬಂದು ಸೇರುವ ತೆಳ್ಳನೆ ಸ್ನಾಯು ಇದೆಯಂತೆ. ಹೆರಿಗೆಯಲ್ಲಿ ಹರಿದದ್ದು ಸರಿಯಾಗಿ ಕೂಡಿಲ್ಲ. ಇವತ್ತು ಮತ್ತೆ ಹೊಲಿಯುತ್ತಾರೆ.

ಫ್ಯಾಕ್ಟರಿಯಿಂದ ಬಂದವನು ಮುದ್ದೆ ಉಂಡು, ಮಲಗದೆ ನೀನೂ ಬಾ. ಸಂಕೋಚವಾದರೆ ಮಗು ಎತ್ತಿಕೊಂಡು ಹೊರಗೆ ನಿಲ್ಲು.

ನಿನ್ನನ್ನು ಹೆತ್ತಾಗ ನನಗೂ ಹೀಗೇ ಆಗಿತ್ತು. ಮೂವತ್ತೊಂದು ವರ್ಷ ಒಂದು ಮಗ್ಗುಲಿಗೆ ಒರಗಿಯೇ ಕೂತಿದ್ದೇನೆ. ನೀನು ಅದನ್ನು ಅಭ್ಯಾಸ ಅಂದುಕೊಂಡೆ. ಇವತ್ತು ಆಸ್ಪತ್ರೆಯಲ್ಲಿ ನನ್ನ ಹೆಸರಿಗೂ ಚೀಟಿ ಮಾಡಿಸುತ್ತೇನೆ.

ಅವ್ವ