ಔಷಧಿ ಹೀರದ ಜಾಗ

ಅಪ್ಪ,

ಇವತ್ತು ನನ್ನ ಲಿವರಿನ ಎಂಆರ್‌ಐ ಆಯಿತು. ಯಂತ್ರದೊಳಗೆ ಮಲಗಿದ್ದಾಗ ತೋಳಿನಲ್ಲಿ ತಣ್ಣನೆಯ ಔಷಧಿ ಹರಿಯಿತು. ನಮ್ಮ ಪ್ಲಮ್ ತೋಟದ ಮೇಲೆ ತೇಲಿದಂತಾಯಿತು. "ಉಸಿರು ಬಿಗಿಹಿಡೀರಿ," ಅಂದಳು ನರ್ಸ್. ಮೊದಲ ಸಲ ರಾಕಿಯಾ, ನಮ್ಮ ಪ್ಲಮ್ ಹಣ್ಣಿನ ಸಾರಾಯಿ, ಕುಡಿಸುವಾಗ ನೀನೂ ಹಾಗೇ ಅಂದಿದ್ದೆ.

ಡಾಕ್ಟರ್ ರುಜಿತ್ಸಾ ಚಿತ್ರ ತೋರಿಸಿದರು. "ನೋಡಮ್ಮ, ಔಷಧಿ ಹೀರಿದ ಜಾಗ ಹೊಳೀತಿದೆ. ಈ ಕಪ್ಪೆಲ್ಲ ಹಾಳಾಗಿರೋದು. ಇನ್ನು ಒಂದು ತೊಟ್ಟೂ ಮುಟ್ಟಬೇಡ."

"ಕುಡಿದ ಜಾಗವೇ ಹೊಳೆಯೋದಾ? ನಮ್ಮಪ್ಪ ಕೇಳಿದ್ರೆ ಕುಣಿದಾಡ್ತಿದ್ದ," ಅಂದೆ. ಅವರು ನಗಲಿಲ್ಲ.

ನಿನ್ನ ಒಳಗನ್ನು ಹೀಗೆ ಯಾರೂ ನೋಡಿರಲಿಲ್ಲ.

ನೀನು ಬಟ್ಟಿ ಇಳಿಸಿದ ಕೊನೆಯ ಬಾಟಲಿ ಹಿಡಿದು ನಾನು ನಿನ್ನ ಸಮಾಧಿಗೆ ಬಂದೆ. ನಮ್ಮ ಪದ್ಧತಿಯಂತೆ ಲೋಟದಿಂದ ಒಂದು ತೊಟ್ಟು ಮಣ್ಣಿಗೆ, ಸತ್ತವರಿಗೆ. ಉಳಿದದ್ದು ಬದುಕಿದವರಿಗೆ ಅಲ್ಲವೇ? ಇವತ್ತು ಪೂರ್ತಿ ಮಣ್ಣಿಗೇ ಬಗ್ಗಿಸಿಬಿಟ್ಟೆ.

ನನ್ನ ಪಾಲೂ ನಿನಗೇ, ಅಪ್ಪ. ನಿಧಾನವಾಗಿ ಕುಡಿ.

ದೆಸಾಂಕಾ