ಶುಕ್ರವಾರ ಹನ್ನೊಂದು ಗಂಟೆಯ ತರಗತಿಯನ್ನು ನಿಲ್ಲಿಸಿದವರಿಗೆ

ಸಹಿಯ ಅಧಿಕಾರವುಳ್ಳ ಮಾನ್ಯರೇ,

ನಾನು ಭದ್ರಾವತಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರ ಏಕೈಕ ಶಿಕ್ಷಕಿ. ಕಳೆದ ನವೆಂಬರಿನಲ್ಲಿ ತಮ್ಮ ಕಚೇರಿ ನನಗೊಂದು ನೋಟಿಸ್ ಕಳಿಸಿ, ಪ್ರತಿ ಶುಕ್ರವಾರ ಹನ್ನೊಂದಕ್ಕೆ ನಡೆಯುತ್ತಿದ್ದ ತರಗತಿಯನ್ನು ನಿಲ್ಲಿಸಿತು. ಅನುಮತಿ ಕೋರಿ ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿಲ್ಲ. ನಾಲ್ಕನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಹೀಗಾದರೂ ಯಾರಾದರೂ ಓದಿಯಾರು.

ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಮ್ಮ ಶಾಲೆಯ ಸುತ್ತಲಿನ ಕ್ವಾರ್ಟರ್ಸ್ ಒಂದೊಂದೇ ಖಾಲಿಯಾದವು. ಕನ್ನಡ, ತಮಿಳು, ತೆಲುಗು, ನಮ್ಮ ಮನೆಯ ದಖನಿ ಎಲ್ಲ ಒಟ್ಟಿಗೇ ಕೇಳುತ್ತಿದ್ದ ಅಂಗಳದಲ್ಲಿ ಈ ವರ್ಷ ಆರು ಮಕ್ಕಳಿದ್ದರು. ಐದನೇ ತರಗತಿಗೆ ಒಬ್ಬಳೇ, ಶರಾವತಿ. ಒಂದೇ ಮಗುವಿರುವ ತರಗತಿಯನ್ನು ತಾವು ಎಂದಾದರೂ ನೋಡಿದ್ದೀರಾ? ಶಿಸ್ತಿಗೆ ಅಲ್ಲಿ ಕೊರತೆಯೇ ಇಲ್ಲ. ಯಾರೂ ನಕಲು ಹೊಡೆಯುವುದಿಲ್ಲ, ಯಾರೂ ಪಿಸುಗುಟ್ಟುವುದಿಲ್ಲ. ಎಲ್ಲರಿಗಿಂತ ಮುಂದೆ ಇರುವವಳೂ ಅವಳೇ, ಹಿಂದೆ ಉಳಿದವಳೂ ಅವಳೇ. ಜುಲೈ ಹೊತ್ತಿಗೆ ಅವಳು ಮಾತು ಬಿಟ್ಟು, ಎಲ್ಲದಕ್ಕೂ ತಲೆಯಾಡಿಸಿ ಮುಗಿಸತೊಡಗಿದಳು. ಅದು ನನಗೆ ಅರ್ಥವಾಗುತ್ತಿತ್ತು. ಬಿಸಿಯೂಟದ ಪಾತ್ರೆ ತೊಳೆದಿಟ್ಟು ಅಡುಗೆಯವರು ಹೊರಟರೆ, ನನ್ನೊಡನೆ ಮಾತಾಡುವ ದೊಡ್ಡವರೂ ಆ ದಿನಕ್ಕೆ ಮುಗಿದಂತೆ.

ತರಬೇತಿಯೊಂದರಲ್ಲಿ ಪರಿಚಯವಾದ ಸುಷ್ಮಾ ಶಿವಮೊಗ್ಗದ ಶಾಲೆಯಲ್ಲಿ ಐದನೇ ತರಗತಿಗೆ ಕಲಿಸುತ್ತಾರೆ. ಅವರಲ್ಲಿ ಮೂವತ್ತೆಂಟು ಮಕ್ಕಳು. ಇಬ್ಬರೂ ಸೇರಿ ಒಂದು ಯೋಜನೆ ಹಾಕಿದೆವು. ಪ್ರತಿ ವಾರ ಆ ಮಕ್ಕಳು ತುಂಗೆಯ ನೀರು ಎಷ್ಟು ಏರಿತು, ಇಳಿಯಿತು ನೋಡುವುದು. ಶರಾವತಿ ನನ್ನ ಜೊತೆ ಬಂದು ಭದ್ರೆಯದನ್ನು ನೋಡುವುದು. ಎರಡೂ ಕಡೆಯವರು ಒಂದೇ ಆನ್‌ಲೈನ್ ಪಟ್ಟಿಯಲ್ಲಿ ತುಂಬಿ, ಶುಕ್ರವಾರ ವಿಡಿಯೋ ಕಾಲ್‌ನಲ್ಲಿ ಚರ್ಚಿಸುವುದು. ಮೊದಲ ದಿನವೇ ನವ್ಯಾ ಎಂಬ ಹುಡುಗಿ ಆ ಕಡೆಯಿಂದ ಕೇಳಿದಳು: "ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರ್ತವೆ. ನಿನ್ನ ಹೆಸರಿನ ನದಿ ಸೇರಲ್ವಲ್ಲೇ?"

ಶರಾವತಿ ಸ್ವಲ್ಪ ಯೋಚಿಸಿದಳು. "ನದಿ ಸೇರಲ್ಲ. ನಾನು ಸೇರ್ತೀನಿ."

ಆ ಕಡೆ ಇಡೀ ತರಗತಿ ನಕ್ಕಿತು. ಇವಳೂ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ನಾನು ಕೇಳಿದ ಪೂರ್ತಿ ಮಾತು ಅದು.

ಆಮೇಲೆ ಅವಳನ್ನು ತಡೆಯುವುದೇ ಕಷ್ಟವಾಯಿತು. ಕಾರ್ಖಾನೆಗೆ ಹೊಳೆಯಿಂದ ನೀರೆತ್ತುವ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದ ಮೂರ್ತಪ್ಪನವರನ್ನು ಅವಳೇ ಪತ್ತೆಹಚ್ಚಿ ಶಾಲೆಗೆ ಕರೆತಂದಳು. ಹಳೆಯ ನೆರೆಗಳ ಬಗ್ಗೆ ಕೇಳುತ್ತ ಎರಡೂ ಕಡೆಯ ಮಕ್ಕಳು ಅವರನ್ನು ಮುಕ್ಕಾಲು ಗಂಟೆ ಬಿಡಲಿಲ್ಲ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಮುಂದಿನ ವಾರಾನೂ ಬರ್ಲಾ ಮೇಡಂ? ನನ್ನ ಹತ್ರ ಇಷ್ಟು ಹೊತ್ತು ಯಾರೂ ಮಾತಾಡಿಲ್ಲ," ಎಂದರು. ಬನ್ನಿ ಎಂದೆ.

ಮುಂದಿನ ವಾರ ಬಂದದ್ದು ತಮ್ಮ ನೋಟಿಸ್. "ಅನುಮೋದನೆಯಿಲ್ಲದ ತಂತ್ರಾಂಶ ಬಳಸಿ, ಬೇರೆ ಶಾಲೆಯ ಮಕ್ಕಳನ್ನು ಅನಧಿಕೃತವಾಗಿ ತರಗತಿಗೆ ಸೇರಿಸಿಕೊಂಡಿರುತ್ತೀರಿ." ಹಾಗಿದ್ದರೆ ನನ್ನ ಐದನೇ ತರಗತಿಯ ಸಂಖ್ಯೆ ಮೂವತ್ತೊಂಬತ್ತು ಎಂದು ತಾವೇ ಒಪ್ಪಿದಂತಾಯಿತಲ್ಲವೇ? ಅದೇ ತಿಂಗಳು ಮಕ್ಕಳು ಕಡಿಮೆಯೆಂದು ನಮ್ಮ ಶಾಲೆಯನ್ನು ವಿಲೀನದ ಪಟ್ಟಿಗೆ ಸೇರಿಸಿದ್ದು ಯಾವ ಲೆಕ್ಕದಲ್ಲಿ? ಮಕ್ಕಳ ಮುಖ ಪರದೆಯ ಮೇಲೆ ಬರುವಾಗ ಎಚ್ಚರ ಬೇಕು, ಅದನ್ನು ನಾನೂ ಬಲ್ಲೆ. ಪೋಷಕರ ಒಪ್ಪಿಗೆ ಪತ್ರಗಳನ್ನು ಲಗತ್ತಿಸಿ, "ನಿಯಮ ಏನೆಂದು ಹೇಳಿ, ಪಾಲಿಸುತ್ತೇನೆ" ಎಂದು ಬರೆದಿದ್ದೆ. ತಮ್ಮ ಕಚೇರಿಗೂ ಹೋಗಿ ಕೇಳಿದೆ.

"ಫೈಲ್ ಮೇಲಿದೆ ಮೇಡಂ," ಎಂದರು ಗುಮಾಸ್ತರು.

"ಮೇಲೆ ಅಂದ್ರೆ ಎಲ್ಲಿ?"

"ಮೇಲೆ ಅಂದ್ರೆ ಮೇಲೆ."

ಉತ್ತರದ ಬದಲು ಡಿಸೆಂಬರಿನಲ್ಲಿ ಅನುಮೋದಿತ ಟಿ.ವಿ. ಬಂತು. ಅದರೊಳಗೆ ಮೊದಲೇ ಚಿತ್ರೀಕರಿಸಿದ ಪಾಠಗಳು. ಮೊದಲನೇ ಪಾಠದಲ್ಲೇ ಪರದೆಯ ಮೇಷ್ಟರು, "ಯಾರು ಹೇಳ್ತೀರಾ ಮಕ್ಕಳೇ?" ಎಂದು ಕೇಳಿದರು. ಶರಾವತಿ ಕೈ ಎತ್ತಿದಳು. ಮೇಷ್ಟರು ಒಂದು ಕ್ಷಣ ಸುಮ್ಮನಿದ್ದು, "ಭೇಷ್, ಸರಿಯಾದ ಉತ್ತರ," ಎಂದು ಮುಂದಕ್ಕೆ ಹೋದರು. ಅವಳು ಕೈ ಇಳಿಸಿ ನನ್ನತ್ತ ತಿರುಗಿದಳು.

"ನಾನಿನ್ನೂ ಹೇಳೇ ಇಲ್ವಲ್ಲ ಮಿಸ್."

ಇದಕ್ಕೆ ನಾನೇನು ಹೇಳಬೇಕಿತ್ತು, ತಾವೇ ತಿಳಿಸಿ.

ಜನವರಿಯಲ್ಲಿ ಅವಳ ತಾಯಿ ಈಶ್ವರಮ್ಮ ಟಿ.ಸಿ. ಕೇಳಿಕೊಂಡು ಬಂದರು. ಮಗಳನ್ನು ಶಿವಮೊಗ್ಗದಲ್ಲಿ ಅವಳ ದೊಡ್ಡಮ್ಮನ ಮನೆಯಲ್ಲಿಟ್ಟು, ಸುಷ್ಮಾರ ಶಾಲೆಗೇ ಸೇರಿಸುತ್ತಾರಂತೆ. "ನಿಮ್ಮ ಪಾಠಕ್ಕೆ ಏನೂ ಹೇಳಂಗಿಲ್ಲ ಮಿಸ್. ಮಗು ಮನೇಲೂ ಮಾತಾಡ್ತಿಲ್ಲ," ಎಂದು ನೆಲ ನೋಡಿದರು. ಅವಳು ಹೋದರೆ ಮನೆಯಲ್ಲಿ ಅವರೊಬ್ಬರೇ. ಆದರೂ ಕಳಿಸುತ್ತಿದ್ದರು. ತಡೆಯಲು ನನ್ನಲ್ಲಿ ಕಾರಣವಿರಲಿಲ್ಲ, ಬರೆದುಕೊಟ್ಟೆ. ತಾವು ಬೇಡವೆಂದ ಸೇರ್ಪಡೆ ಹೀಗೆ ಅಧಿಕೃತವಾಗಿಯೇ ಆಯಿತು.

ಅಲ್ಲಿ ಮೊದಲ ದಿನ ಮಕ್ಕಳೆಲ್ಲ ಅವಳನ್ನು ಸುತ್ತುವರಿದು, "ನೀನು ಇಷ್ಟು ಎತ್ತರ ಇದ್ದೀಯಾ?" ಎಂದು ಕೇಳಿದರಂತೆ. ವಿಡಿಯೋ ಕಾಲ್‌ನಲ್ಲಿ ಕೂತಿದ್ದವಳನ್ನಷ್ಟೇ ಕಂಡಿದ್ದರಲ್ಲ. ಸುಷ್ಮಾ ಫೋನ್ ಮಾಡಿ ಹೇಳಿದಾಗ ನಾನೂ ನಕ್ಕೆ. ಆಮೇಲೆ ಐದನೇ ತರಗತಿಯ ಕೋಣೆಗೆ ಹೋಗಿ ಕಿಟಕಿ ಹಾಕಿದೆ. ಇನ್ನು ಅಲ್ಲಿ ತೆರೆದಿಡುವ ಅಗತ್ಯವಿರಲಿಲ್ಲ.

ಉಳಿದ ಐವರಲ್ಲಿ ಮೂರನೇ ತರಗತಿಯ ನೂರ್‌ಜಹಾನ್ ಕೂಡ ತನ್ನ ತರಗತಿಗೆ ಒಬ್ಬಳೇ. ಸದ್ಯಕ್ಕೆ ಅವಳು ಅರಳು ಹುರಿದಂತೆ ಮಾತಾಡುತ್ತಾಳೆ. ಅದು ನಿಲ್ಲುವ ಮುಂಚೆ, ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ಶುರುವಾಗುವುದರೊಳಗೆ, ಬೇರೆ ತರಗತಿಗಳೊಡನೆ ಸೇರಿ ಕಲಿಸಲು ನನಗೆ ಲಿಖಿತ ಅನುಮತಿ ಕೊಡಿ. ಷರತ್ತು ಎಷ್ಟಾದರೂ ಹಾಕಿ. ಕೊಡಲಾಗದೆಂದರೆ, ಒಂದು ದಿನ ತಾವೇ ಬಂದು ಹತ್ತರಿಂದ ನಾಲ್ಕರವರೆಗೆ ಅವಳ ಬೆಂಚಿನಲ್ಲಿ ಕೂರಿ. ಆ ಒಂದು ದಿನವಾದರೂ ಮಗುವಿನ ಪಕ್ಕದಲ್ಲಿ ಯಾರೋ ಇರುತ್ತಾರೆ.

ಇಂತಿ,
ಐದು ಮಕ್ಕಳ ಶಾಲೆಯ ಮುಖ್ಯ ಶಿಕ್ಷಕಿ, ಸಹಶಿಕ್ಷಕಿ, ಗುಮಾಸ್ತೆ ಎಲ್ಲವೂ ತಾನೊಬ್ಬಳೇ ಆದ
ಅತೀಕಾ
ಭದ್ರಾವತಿ