ಮೂರನೇ ಗೇರಿಗೆ ಸುತ್ತಿದ ನೂಲು

ಅಪ್ಪಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ನಿನ್ನ ಕೆಂಪು ಸ್ಪೋರ್ಟ್ಸ್ ಕಾರಿಗೆ ಹೊಸ ಗೇರ್ ಲಿವರ್ ಹಾಕಿದೆ. ನಾನೇ, ನನ್ನ ಕೈಯಾರೆ! ತಮಿಳು ಶಾಲೆಯಲ್ಲಿ ಕಲಿತ ನಿನಗೆ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ. ಮೇಲೆ, ನೀನಿರುವಲ್ಲಿ, ಯಾರಾದರೂ ಓದಿ ಹೇಳುತ್ತಾರೆ ಬಿಡು.

ಪಲ್ಲಡಂ ರಸ್ತೆಯಲ್ಲಿ ನೀನು ಗೇರ್ ಬದಲಿಸುವಾಗಲೆಲ್ಲ ಮೀಸೆ ತಿರುವುತ್ತಿದ್ದದ್ದು ನೆನಪಿದೆಯಾ? "ಮೂರನೇ ಗೇರು ನನ್ ಕೈಗೆ ಮಾತ್ರ ಬೀಳ್ತದೆ, ನನ್ ಕಣ್ಣೇ, ಎಲ್ಲಾ ಕೈ ಪಳಕ್ಕ" ಅಂತ, ನಿನ್ನ ಕೈ ಪಳಗಿದ್ದಕ್ಕೇ ಅಂತ, ಎಷ್ಟು ಬೀಗುತ್ತಿದ್ದೆ! ನಾವೂ ನಂಬಿದ್ದೆವು. ನೀನು ಹೋದಮೇಲೆ ನಾನು ಓಡಿಸಲು ನೋಡಿದರೆ, ಲಿವರ್ ಗಂಜಿಯೊಳಗಿನ ಸೌಟಿನಂತೆ ಸುಮ್ಮನೆ ತಿರುಗಿತು. ಮೂರನೇ ಗೇರು ಬೀಳಲೇ ಇಲ್ಲ. ಕಾರು ನಮ್ಮ ಮಗ್ಗದ ಶೆಡ್ಡಿನಲ್ಲೇ ನಿಂತುಬಿಟ್ಟಿತು.

ಹೋದ ವಾರ ಚಿಕ್ಕಪ್ಪ ಬಂದು, ಆನೈಮಲೈ ಕಡೆಯ ತೆಂಗಿನ ತೋಟದವರೊಬ್ಬರು ಭಾನುವಾರ ಕಾರು ನೋಡಲು ಬರುತ್ತಾರೆ ಅಂದರು. "ಓಡದ ವಂಡೀನ ಮಡಿಕ್ಕೊಂಡು ಏನ್ ಮಾಡ್ತೀಯ?" ಅಂದರು. ನನಗೆ ಉರಿದುಹೋಯಿತು. ಅಷ್ಟರೊಳಗೆ ಓಡಿಸಿ ತೋರಿಸುತ್ತೇನೆ ಅಂದುಬಿಟ್ಟೆ. ಅಮ್ಮ ಮಾತ್ರ ಮಗ್ಗದ ಕಡೆ ಎದ್ದುಹೋದಳು.

ಶನಿವಾರ ಕೊಯಮತ್ತೂರಿನಿಂದ ತರಿಸಿದ ಹೊಸ ಲಿವರ್, ಅದರ ಬುಡ ಅಲ್ಲಾಡದಂತೆ ಹಿಡಿಯುವ ಬುಷ್ ಎಲ್ಲ ಹರಡಿಕೊಂಡು ಕೂತೆ. ಹಿಡಿ ತಿರುಗಿಸಿ ತೆಗೆದು, ಬುಡದ ತೊಗಲಿನ ಮುಸುಕು ಮೇಲಕ್ಕೆತ್ತಿದೆ. ಒಳಗೆ ಏನಿತ್ತು ಹೇಳು? ನೂಲು! ಸವೆದ ಬುಷ್ ಸುತ್ತ, ಮೇಣ ಹಚ್ಚಿದ ಹತ್ತಿ ನೂಲು, ಹರಿದು ಜೋತುಬಿದ್ದಿತ್ತು. ನಲ್ಲಿ ಸೋರಿದರೂ ಕನ್ನಡಕದ ಕಡ್ಡಿ ಸಡಿಲವಾದರೂ ನೂಲು ಸುತ್ತುವ ಮನೆ ನಮ್ಮದು, ನಿಜ. ಆದರೆ ಕಾರಿಗೂ? ನಿನ್ನದೇ ಕೆಲಸ ಅಂದುಕೊಂಡು ನಗುತ್ತಾ ಅಮ್ಮನನ್ನು ಕೂಗಿದೆ.

"ಅವರಿಗೆಲ್ಲಿ ತಿಳೀತದೆ? ನಾನೇ ಸುತ್ತಿದ್ದು" ಅಂದಳು ಅಮ್ಮ. "ದಿನಾ ತರಿ ಓಡಿಸಿ ನೇಯೋಳಿಗೆ ಸದ್ದು ಕೇಳಿದ್ರೆ ಸಡಿಲ ಆಗಿರೋದು ತಿಳೀದಾ? ವಾರವಾರ ಹೂ ಹಾಕೋಕೆ ವಂಡಿ ಒರೆಸ್ತಿದ್ನಲ್ಲ, ಅವಾಗ ಹಳೇ ನೂಲು ಬಿಚ್ಚಿ ಹೊಸದು ಸುತ್ತಿಬಿಡ್ತಿದ್ದೆ. ಕೈ ಪಳಕ್ಕ, ಕೈ ಪಳಕ್ಕ ಅಂತ ಅಷ್ಟು ಸಂತೋಷವಾ ಹೇಳ್ತಿದ್ರು. ಅದನ್ನ ಯಾಕೆ ಕೆಡಿಸೋದು?"

"ಮತ್ತೆ ಈಗ್ಯಾಕೆ ಸುತ್ತಲಿಲ್ಲಮ್ಮಾ?"

"ಇನ್ನು ಯಾರಿಗೆ ಸುತ್ತೋದು?"

ಅಪ್ಪಾ, ನಾನು ಸ್ಪ್ಯಾನರ್ ಕೆಳಗಿಟ್ಟು ಅವಳನ್ನು ತಬ್ಬಿಕೊಂಡು ಅತ್ತೆ. ಆಮೇಲೆ ಇಬ್ಬರೂ ಸೇರಿ ಹಳೆಯದನ್ನು ಕಿತ್ತೆವು. ಹೊಸ ಬುಷ್ ಕೂರಿಸಿ, ಗ್ರೀಸ್ ಹಚ್ಚಿ, ಲಿವರ್ ಬಿಗಿದೆವು. ಹಿಡಿ ಮಾತ್ರ ನಿನ್ನದೇ, ನಿನ್ನ ಅಂಗೈ ಸವೆಸಿದ ಅದೇ ಹಿಡಿ.

ಭಾನುವಾರ ತೋಟದವರೂ ಚಿಕ್ಕಪ್ಪನೂ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಎರಡನೇ ಗೇರಿನಲ್ಲಿ ರಸ್ತೆ ಸೇರಿದೆವು. ಎಂಜಿನ್ ಕೂಗತೊಡಗಿತು. ನಾನು ಕ್ಲಚ್ ಒತ್ತಿ ಲಿವರ್ ಹಿಡಿಯುವಷ್ಟರಲ್ಲಿ... ನಿನ್ನ ಹಿಡಿಯ ಮೇಲೆ ಅವಳ ಕೈ! ಎರಡೇ ಬೆರಳಲ್ಲಿ ತಳ್ಳಿದಳು, ಅಷ್ಟೆ. ಟಕ್ ಅಂತ ಬಿತ್ತು, ಅಪ್ಪಾ!

ಕಾರು ಮಾರುವುದಿಲ್ಲ. ಶುಕ್ರವಾರದಿಂದ ಅಮ್ಮನಿಗೆ ಓಡಿಸಲು ಕಲಿಸುತ್ತೇನೆ, ಮಾತು ಕೊಟ್ಟಿದ್ದೇನೆ. ಈಗಲೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ, "ಮೂರನೇ ಗೇರು ನನ್ ಕೈಗೆ ಮಾತ್ರ ಬೀಳ್ತದೆ" ಅಂತ.